ಹೊಲಗಳ ನಡುವಿನ ಎಂಬಿಎ: ಗ್ರಾಮಾಂತರದ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ವಿಮರ್ಶೆ

ನಗರದಿಂದ ಬಹಳ ದೂರದಲ್ಲಿ, ಹೊಲಗಳ ನಡುವೆ ಕಟ್ಟಿದ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾನು ಎರಡು ವರ್ಷ ಎಂಬಿಎ ಓದಿದೆ. ಪದವಿ ಪಡೆದು ಆರು ವರ್ಷಗಳಾದ ಮೇಲೆ ಅದೇ ಕಾಲೇಜು ನನ್ನನ್ನು ಅತಿಥಿ ಉಪನ್ಯಾಸಕ್ಕೆ ಕರೆಯಿತು. ಎರಡು ಸೆಮಿಸ್ಟರ್‌ಗಳ ಕಾಲ ಅಲ್ಲಿ ಕಾರ್ಯಾಚರಣೆ ನಿರ್ವಹಣೆಯ ಪಾಠ ಮಾಡಿದೆ. ಬೆಂಚಿನಲ್ಲಿ ಕುಳಿತೂ ಹಲಗೆಯ ಮುಂದೆ ನಿಂತೂ ನೋಡಿದ್ದರಿಂದ ಈ ವಿಮರ್ಶೆ ಬರೆಯುವ ಧೈರ್ಯ ಬಂದಿದೆ. ಕಾಲೇಜಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಕೊರತೆಗಳಲ್ಲಿ ಹೆಚ್ಚಿನವು ಗ್ರಾಮೀಣ ಪ್ರದೇಶದಲ್ಲಿ ಬಿಸಿನೆಸ್ ಸ್ಕೂಲ್ ನಡೆಸಲು ಹೊರಟ ಯಾರಿಗಾದರೂ ಎದುರಾಗುವ ತೊಡಕುಗಳೇ ಆಗಿರುವುದರಿಂದ, ಅವುಗಳ ಹೊರೆಯನ್ನೆಲ್ಲ ಒಂದು ಸಂಸ್ಥೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಥ ಕಾಲೇಜಿಗೆ ಸೇರಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂಬುದು ನನ್ನ ಉದ್ದೇಶ.

ಕಟ್ಟಡ, ಗ್ರಂಥಾಲಯದ ಕೊಠಡಿ, ಹಾಸ್ಟೆಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಾಮಾಂತರದ ಕಾಲೇಜು ಎಂದೊಡನೆ ಹೊರಗಿನವರು ಮುರಿದ ಬೆಂಚು, ಸೋರುವ ಚಾವಣಿಯನ್ನು ಊಹಿಸಿಕೊಳ್ಳುತ್ತಾರೆ. ಆದರೆ ಭೂಮಿ ಅಗ್ಗವಾಗಿ ಸಿಗುವ ಕಡೆ ಕಟ್ಟಡವನ್ನು ಎಬ್ಬಿಸುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ನಮ್ಮ ತರಗತಿಗಳು ವಿಶಾಲವಾಗಿದ್ದವು, ಸಭಾಂಗಣ ದೊಡ್ಡದಾಗಿತ್ತು, ಹಾಸ್ಟೆಲ್ ಸ್ವಚ್ಛವಾಗಿತ್ತು. ಅಂತರ್ಜಾಲ ಮಾತ್ರ ಮಳೆಗಾಲದಲ್ಲಿ ಕೈಕೊಡುತ್ತಿತ್ತು. ಕಟ್ಟಡದೊಳಗೆ ಯಾರು ನಿಂತು ಏನನ್ನು ಕಲಿಸುತ್ತಾರೆ ಎಂಬಲ್ಲಿಂದ ನಿಜವಾದ ಪರೀಕ್ಷೆ ಶುರುವಾಗುತ್ತದೆ.

ನಾವು ಓದುತ್ತಿದ್ದಾಗ ಹಣಕಾಸು ನಿರ್ವಹಣೆಯ ವಿಷಯಗಳನ್ನು ಎರಡು ವರ್ಷಗಳಲ್ಲಿ ನಾಲ್ವರು ಕಲಿಸಿದರು. ಮೊದಲನೆಯವರು ಪಿಎಚ್‌ಡಿ ಕೈಗೆ ಬಂದ ತಿಂಗಳಲ್ಲೇ ನಗರದ ಕಾಲೇಜೊಂದಕ್ಕೆ ಹೋದರು. ಎರಡನೆಯವರ ಪತ್ನಿಗೆ ಆಕೆಯ ಓದಿಗೆ ತಕ್ಕ ಕೆಲಸ ಸುತ್ತಮುತ್ತ ಎಲ್ಲಿಯೂ ಸಿಗಲಿಲ್ಲ. ವಾರಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಮನೆಗೆ ಹೋಗಿ ಬರುತ್ತಿದ್ದ ಅವರು ಒಂದು ರಜೆಯ ನಂತರ ಮರಳಲಿಲ್ಲ. ಮೂರನೆಯವರು ಬಹಳ ಒಳ್ಳೆಯ ಶಿಕ್ಷಕರು, ಸಂಬಳದ ಬಗ್ಗೆ ಅವರಿಗೆ ದೂರೂ ಇರಲಿಲ್ಲ. ಇಡೀ ಕಾಲೇಜಿನಲ್ಲಿ ತಮ್ಮ ವಿಷಯ ಬಲ್ಲವರು ತಾವೊಬ್ಬರೇ, ಬರೆದ ಲೇಖನದ ಕರಡನ್ನು ತೋರಿಸಿ ತಿದ್ದಿಸಿಕೊಳ್ಳಲು ಯಾರೂ ಇಲ್ಲ ಎಂದು ಅವರು ಒಮ್ಮೆ ಬಹಳ ಬೇಸರದಿಂದ ಹೇಳಿದ್ದು ನನಗೆ ಇನ್ನೂ ನೆನಪಿದೆ. ಗ್ರಾಮಾಂತರದ ಕಾಲೇಜುಗಳು ಶಿಕ್ಷಕರನ್ನು ಉಳಿಸಿಕೊಳ್ಳಲು ಸಂಬಳವನ್ನಷ್ಟೇ ಹೆಚ್ಚಿಸಿ ಸೋಲುವುದು ಈ ಕಾರಣಕ್ಕಾಗಿಯೇ. ಸಂಗಾತಿಯ ಉದ್ಯೋಗ, ಮಕ್ಕಳ ಶಾಲೆ, ಓದಿನ ಜೊತೆಗಾರರು, ಈ ಮೂರನ್ನೂ ಸಂಬಳದ ಚೀಟಿ ತಂದುಕೊಡಲಾರದು.

ಖಾಯಂ ಶಿಕ್ಷಕರಿಲ್ಲದ ಜಾಗವನ್ನು ನಗರದಿಂದ ಬರುವ ಅತಿಥಿಗಳು ತುಂಬುತ್ತಾರೆ. ನಮ್ಮ ನಾಲ್ಕನೆಯ ಹಣಕಾಸು ಶಿಕ್ಷಕರು ಹಾಗೆ ಬಂದವರು. ಶುಕ್ರವಾರ ಸಂಜೆ ಬಂದು, ಭಾನುವಾರ ಮಧ್ಯಾಹ್ನದೊಳಗೆ ಒಂದು ತಿಂಗಳ ಪಾಠವನ್ನು ಮುಗಿಸಿ ಹೊರಡುತ್ತಿದ್ದರು. ಅವರ ಜ್ಞಾನದಲ್ಲಿ ಕೊರತೆಯಿರಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಅರ್ಥವಾಗದ ಲೆಕ್ಕವನ್ನು ಮಂಗಳವಾರ ಕೇಳಲು ಅವರು ಅಲ್ಲಿರುತ್ತಿರಲಿಲ್ಲ. ಕಲಿಕೆಗೆ ಎರಡು ಪಾಠಗಳ ನಡುವಿನ ಬಿಡುವೂ ಬೇಕು, ಆ ಬಿಡುವಿನಲ್ಲಿ ಕೊಠಡಿಯ ಬಾಗಿಲು ತೆರೆದಿಟ್ಟು ಕುಳಿತ ಶಿಕ್ಷಕರೂ ಬೇಕು. ಮುಂದೆ ನಾನೇ ಅತಿಥಿಯಾಗಿ ಹೋದಾಗ ಈ ಕಾರಣಕ್ಕಾಗಿ ವಾರದಲ್ಲಿ ಎರಡು ದಿನ ಅಲ್ಲಿಯೇ ಉಳಿಯುತ್ತೇನೆಂದು ಹಟ ಹಿಡಿದೆ. ತರಗತಿಯಲ್ಲಿ ಬಾಯಿ ಬಿಡದ ವಿದ್ಯಾರ್ಥಿಗಳು ಸಂಜೆ ಬಂದು ಕೇಳಿದ ಪ್ರಶ್ನೆಗಳೇ ನನ್ನ ಅತ್ಯುತ್ತಮ ಪಾಠಗಳಿಗೆ ಕಾರಣವಾದವು.

ಎರಡನೆಯ ತೊಡಕು ಕಾಲೇಜಿನ ಗಾತ್ರದ್ದು. ಇದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಾಣುವುದಿಲ್ಲ. ನಾನೂ ಶಿಕ್ಷಕರ ಕೊಠಡಿಯಲ್ಲಿ ಕುಳಿತ ಮೇಲಷ್ಟೇ ಕಂಡೆ. ಸಂಶೋಧನಾ ಪತ್ರಿಕೆಗಳ ಚಂದಾ, ಕಂಪನಿಗಳ ಅಂಕಿಅಂಶಗಳ ದತ್ತಕೋಶ, ಪ್ಲೇಸ್‌ಮೆಂಟ್ ಅಧಿಕಾರಿಯ ಸಂಬಳ, ಮಾನ್ಯತೆಗೆ ಕಟ್ಟಬೇಕಾದ ಶುಲ್ಕ, ಇವೆಲ್ಲ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವ ಖರ್ಚುಗಳಲ್ಲ. 600 ವಿದ್ಯಾರ್ಥಿಗಳಿರುವ ಕಾಲೇಜು ಹಂಚಿಕೊಳ್ಳುವ ಹೊರೆಯನ್ನು 60 ವಿದ್ಯಾರ್ಥಿಗಳಿರುವ ಕಾಲೇಜು ಹೊತ್ತರೆ ಒಬ್ಬೊಬ್ಬರ ತಲೆಗೆ ಬೀಳುವ ಭಾರ ಹತ್ತು ಪಟ್ಟಾಗುತ್ತದೆ. ಶುಲ್ಕ ಏರಿಸಿದರೆ, ಯಾರಿಗಾಗಿ ಕಾಲೇಜು ಹುಟ್ಟಿತೋ ಆ ಸುತ್ತಲಿನ ಊರುಗಳ ಮಕ್ಕಳೇ ಹೊರಗುಳಿಯುತ್ತಾರೆ. ಏರಿಸದಿದ್ದರೆ ದತ್ತಕೋಶದ ಚಂದಾ ನಿಲ್ಲುತ್ತದೆ. ನಮ್ಮ ಕಾಲೇಜು ಎರಡನೆಯ ದಾರಿ ಹಿಡಿದಿತ್ತು, ಅದನ್ನು ನಾನು ತಪ್ಪೆನ್ನಲಾರೆ. ಆದರೆ ಆ ಉಳಿತಾಯದ ಹಣ ಹೊಸ ಪ್ರವೇಶ ಕಮಾನಿಗೆ ಹೋದದ್ದನ್ನು ಮಾತ್ರ ಒಪ್ಪಲಾರೆ.

ಇನ್ನು ಪಾಠದ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ.

ಮ್ಯಾನೇಜ್‌ಮೆಂಟ್ ಶಿಕ್ಷಣದ ಪಠ್ಯಕ್ರಮ ಬೆಳೆದದ್ದು ದೊಡ್ಡ ಕಾರ್ಖಾನೆಗಳ, ದೊಡ್ಡ ಷೇರು ಮಾರುಕಟ್ಟೆಗಳ ನೆರಳಿನಲ್ಲಿ. ಒಮ್ಮೆಗೆ ಎಷ್ಟು ಸರಕು ತರಿಸಿದರೆ ಖರ್ಚು ಕಡಿಮೆ ಎಂದು ಹೇಳುವ, ದಾಸ್ತಾನು ನಿರ್ವಹಣೆಯಲ್ಲಿ ಮೊದಲು ಕಲಿಸುವ ಮಿತವ್ಯಯದ ಆದೇಶ ಪ್ರಮಾಣದ ಸೂತ್ರವನ್ನು ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದರು. ಬೇಡಿಕೆ ವರ್ಷವಿಡೀ ಒಂದೇ ಸಮನಾಗಿರುತ್ತದೆ, ತಂದಿಟ್ಟ ಸರಕು ಕೆಡುವುದಿಲ್ಲ ಎಂದು ಅದು ಭಾವಿಸಿಕೊಳ್ಳುತ್ತದೆ. ತಿರುಪು ಮೊಳೆಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ನನ್ನ ಮುಂದೆ ಕುಳಿತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಮಾರುತ್ತಿದ್ದುದು ಮೂರು ದಿನಗಳಲ್ಲಿ ಬಾಡುವ, ಕೊಳೆಯುವ ಸರಕು. ಬಂಡವಾಳದ ವೆಚ್ಚವನ್ನು, ಅಂದರೆ ಹಣ ಹಾಕಿದವರು ಬಯಸುವ ಪ್ರತಿಫಲವನ್ನು, ಅಳೆಯಲು ಕಲಿಸುವ, 1960ರ ದಶಕದಲ್ಲಿ ವಿಲಿಯಂ ಶಾರ್ಪ್ ಮೊದಲಾದವರು ರೂಪಿಸಿದ ಮಾದರಿಯೂ ಹೀಗೆಯೇ. ಇಡೀ ಮಾರುಕಟ್ಟೆ ಏರಿಳಿದಾಗ ಒಂದು ಷೇರು ಎಷ್ಟು ಏರಿಳಿಯುತ್ತದೆ ಎಂದು ಹೇಳುವ ಬೀಟಾ ಎಂಬ ಅಂಕಿ ಅದಕ್ಕೆ ಬೇಕು, ಅದನ್ನು ಲೆಕ್ಕ ಹಾಕಲು ಷೇರಿನ ಬೆಲೆಯ ಇತಿಹಾಸ ಬೇಕು. ಐವರು ಪಾಲುದಾರರ ಎಣ್ಣೆ ಗಿರಣಿಗೆ, ಉತ್ಪಾದಕರ ಸಂಘಕ್ಕೆ, ಮನೆಯವರೇ ನಡೆಸುವ ಅಂಗಡಿಗೆ ಷೇರು ಪೇಟೆಯಲ್ಲಿ ಬೆಲೆಯೇ ಇರುವುದಿಲ್ಲ. ಈ ಸೂತ್ರಗಳನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಕಲಿತವರು ಎಲ್ಲಿಗೆ ಬೇಕಾದರೂ ಹೋಗಿ ದುಡಿಯುವ ಹಕ್ಕುಳ್ಳವರು. ಅವುಗಳ ಪಕ್ಕದಲ್ಲಿ ಇರಲೇಬೇಕಾಗಿದ್ದ ಇನ್ನರ್ಧ ಪಾಠ ನಮಗೆ ಸಿಗಲಿಲ್ಲ ಎಂಬುದು ನನ್ನ ದೂರು.

ಆ ಇನ್ನರ್ಧಕ್ಕೆ ಬೇಕಾದ ಸಾಮಗ್ರಿ ಇದೇ ಶಾಸ್ತ್ರದೊಳಗೆ ಸಿದ್ಧವಾಗಿದೆ. ದಿನಪತ್ರಿಕೆ ಮಾರುವವನ ಸಮಸ್ಯೆ ಎಂಬ ಹೆಸರಿನ ಹಳೆಯ ಲೆಕ್ಕವೊಂದಿದೆ: ಸಂಜೆಗೆ ಬೆಲೆ ಕಳೆದುಕೊಳ್ಳುವ ಸರಕನ್ನು ಬೆಳಿಗ್ಗೆ ಎಷ್ಟು ತರಬೇಕು? ಒಂದು ಪೆಟ್ಟಿಗೆ ಮಾರಾಟವಾದರೆ 4 ರೂಪಾಯಿ ಲಾಭ, ಉಳಿದುಹೋದರೆ 6 ರೂಪಾಯಿ ನಷ್ಟ ಎಂದಿಟ್ಟುಕೊಳ್ಳೋಣ. 4ನ್ನು ಎರಡರ ಮೊತ್ತವಾದ 10ರಿಂದ ಭಾಗಿಸಿದರೆ 0.4 ಬರುತ್ತದೆ, ಅಂದರೆ 100 ದಿನಗಳಲ್ಲಿ ಸುಮಾರು 40 ದಿನ ಮಾತ್ರ ಬೇಡಿಕೆ ಪೂರ್ತಿ ತೀರುವಷ್ಟು ಸರಕು ತರುವುದು ಲಾಭದಾಯಕ, ಉಳಿದ ದಿನಗಳಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದೇ ಸರಿ. ಇದನ್ನು ನಾನು ಹಲಗೆಯ ಮೇಲೆ ಬಿಡಿಸಿದ ದಿನ, ತರಕಾರಿ ವ್ಯಾಪಾರಿಯೊಬ್ಬರ ಮಗಳು ಎದ್ದು ನಿಂತು, ತನ್ನ ತಂದೆ ಯಾವ ಸೂತ್ರವೂ ಇಲ್ಲದೆ ಇದನ್ನೇ ಮಾಡುತ್ತಾರೆ, ಮಧ್ಯಾಹ್ನಕ್ಕೆ ಬುಟ್ಟಿ ಖಾಲಿಯಾದರೆ ಅವರು ಕೊರಗುವುದಿಲ್ಲ ಎಂದಳು. ಮುಂದಿನ ವಾರ ಅವಳು ಮನೆಯ ಎರಡು ತಿಂಗಳ ಮಾರಾಟದ ಚೀಟಿಗಳನ್ನು ತಂದಳು. ತಂದೆಯ ಅಂದಾಜು ಬಹುತೇಕ ಸರಿಯಿತ್ತು. ವಾರದಲ್ಲಿ ಒಂದು ದಿನ ಮಾತ್ರ ಅವರು ರೂಢಿಯ ಬಲದ ಮೇಲೆ ಹೆಚ್ಚು ಸರಕು ತರಿಸುತ್ತಿದ್ದರು. ಆ ತರಗತಿಯಲ್ಲಿ ಅಂದು ಯಾರೂ ಗಡಿಯಾರ ನೋಡಲಿಲ್ಲ.

ವಿದ್ಯಾರ್ಥಿಯಾಗಿ ನನಗೆ ಅಂಥ ಅನುಭವ ಸಿಕ್ಕಿದ್ದು ಒಂದೇ ಬಾರಿ. ಎರಡನೆಯ ವರ್ಷದಲ್ಲಿ ನಮ್ಮ ಆರು ಜನರ ತಂಡವನ್ನು ಹತ್ತಿರದ ಒಂದು ಉತ್ಪಾದಕರ ಸಂಘಕ್ಕೆ ಆರು ವಾರ ಕಳಿಸಿದರು. ಸಂಘದ ಬ್ಯಾಲೆನ್ಸ್ ಶೀಟ್ ನೋಡಿದರೆ ಕೈಯಲ್ಲಿ ಬೇಕಾದಷ್ಟು ಹಣವಿತ್ತು. ಕಾರ್ಯದರ್ಶಿಗಳನ್ನು ಕೇಳಿದರೆ ವರ್ಷದಲ್ಲಿ ಮೂರು ತಿಂಗಳು ಕೂಲಿ ಕೊಡಲೂ ಹೆಚ್ಚಿನ ಬಡ್ಡಿಯ ಕೈಸಾಲ ಮಾಡಬೇಕಾಗುತ್ತಿತ್ತು. ಎರಡೂ ನಿಜವೇ ಆಗಿತ್ತು. ಲೆಕ್ಕದ ವರ್ಷ ಮುಗಿಯುತ್ತಿದ್ದುದು ಸುಗ್ಗಿಯ ಮಾರಾಟದ ಹಣ ಬಂದು ಬಿದ್ದ ಹೊತ್ತಿನಲ್ಲಿ, ಹಾಗಾಗಿ ವರ್ಷದ ಅತ್ಯಂತ ಶ್ರೀಮಂತ ದಿನದ ಚಿತ್ರವೇ ಕಾಗದದ ಮೇಲೆ ಉಳಿಯುತ್ತಿತ್ತು. ತಿಂಗಳವಾರು ನಗದು ಹರಿವಿನ ಪಟ್ಟಿಯನ್ನು ನಾವು ಕೈಬರಹದ ದಿನವಹಿಯಿಂದಲೇ ತಯಾರಿಸಿದೆವು. ಸದಸ್ಯರಿಗೆ ಕೊಟ್ಟ ಮುಂಗಡಗಳು ಸುಗ್ಗಿಯಾದ ಮೇಲೂ ಐದಾರು ತಿಂಗಳು ವಸೂಲಾಗದೆ ಉಳಿಯುವುದು ಆಗ ಕಣ್ಣಿಗೆ ಬಿತ್ತು. ವಸೂಲಾತಿಯನ್ನು ಮಾರಾಟದ ದಿನಕ್ಕೇ ಜೋಡಿಸಬೇಕೆಂಬ ನಮ್ಮ ಸಲಹೆಯನ್ನು ಸಂಘ ಒಪ್ಪಿತು, ಮುಂದಿನ ವರ್ಷ ಕೈಸಾಲ ಒಂದು ತಿಂಗಳಿಗೆ ಇಳಿಯಿತು. ಎರಡು ವರ್ಷಗಳ ಓದಿನಲ್ಲಿ ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಕೈಯಲ್ಲಿರಬೇಕಾದ ಹಣ, ಎಂಬ ಪದದ ಅರ್ಥ ನನಗೆ ತಿಳಿದದ್ದು ಆ ಸಂಘದ ಕಚೇರಿಯಲ್ಲಿ. ಈ ಕೆಲಸಕ್ಕೆ ಕಾಲೇಜು ಇಟ್ಟಿದ್ದ ಅಂಕಗಳು ಎಷ್ಟು ಕಡಿಮೆಯೆಂದರೆ, ಕೆಲವು ಸಹಪಾಠಿಗಳು ಅಂತರ್ಜಾಲದಿಂದ ವರದಿ ನಕಲಿಸಿ ಕೊಟ್ಟೂ ಪಾಸಾದರು.

ಇಂಥ ಹೊರಗಿನ ಕೆಲಸಕ್ಕೆ ಇಷ್ಟು ಕಡಿಮೆ ಜಾಗವೇಕೆ ಎಂದು ಕೇಳಿದರೆ, ಅಮೆರಿಕದ ಹಾರ್ವರ್ಡ್‌ನಲ್ಲಿ ಕಂಪನಿಯೊಂದರ ನಿಜವಾದ ತೊಂದರೆಯನ್ನು ತರಗತಿಯಲ್ಲಿ ಚರ್ಚಿಸಿ ಕಲಿಯುವ ಕೇಸ್ ಸ್ಟಡಿ ಪದ್ಧತಿಯಿದೆ, ನಮ್ಮಲ್ಲಿಯೂ ಅದೇ ಇದೆ ಎಂಬ ಉತ್ತರ ಸಿಗುತ್ತಿತ್ತು. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1920ರ ದಶಕದಲ್ಲಿ ಆ ಪದ್ಧತಿಯನ್ನು ಬೆಳೆಸಿದಾಗ ಅಲ್ಲಿನವರು ತಮ್ಮ ಸುತ್ತಲಿನ ಕಂಪನಿಗಳ ಬಾಗಿಲು ತಟ್ಟಿ, ಅವುಗಳ ತೊಂದರೆಗಳನ್ನು ಬರೆದುಕೊಂಡು ಬಂದಿದ್ದರು. ನಾವು ಅವರ ವಿಧಾನವನ್ನು ಬಿಟ್ಟು ಅವರು ಬರೆದ ಕಾಗದವನ್ನು ಮಾತ್ರ ತಂದುಕೊಂಡೆವು. ದೂರದ ದೇಶದ ವಿಮಾನಯಾನ ಕಂಪನಿಯ ಕೇಸನ್ನು ಓದಿ ಚರ್ಚಿಸುವಾಗ ತರಗತಿಯಲ್ಲಿ ಯಾರ ಬಳಿಯೂ ಸ್ವಂತದ್ದೆನ್ನುವ ಒಂದು ಮಾತು ಇರುತ್ತಿರಲಿಲ್ಲ.

ಇದರ ಜೊತೆಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ವ್ಯಾಪಾರದ ಮಾತು ಒಂದು ಭಾಷೆಯಲ್ಲಿ ನಡೆದು ಪಾಠ ಇನ್ನೊಂದರಲ್ಲಿ ನಡೆದಾಗ, ಚುರುಕಾದ ವಿದ್ಯಾರ್ಥಿಯೂ ತರಗತಿಯಲ್ಲಿ ಮಂದನಂತೆ ಕಾಣುತ್ತಾನೆ. ಸಾಲ, ಬಡ್ಡಿ, ಉದ್ರಿ, ಕಮಿಷನ್, ಇವುಗಳ ಸೂಕ್ಷ್ಮಗಳನ್ನು ಬಾಲ್ಯದಿಂದ ಬಲ್ಲವರು ಆಂಗ್ಲ ಪದದ ಎದುರು ಮೌನವಾಗುವುದನ್ನು ನಾನು ನೋಡಿದ್ದೇನೆ. ಚರ್ಚೆಯನ್ನು ಮನೆಮಾತಿನಲ್ಲಿ ನಡೆಸಿ, ಬರವಣಿಗೆಯನ್ನು ಪರೀಕ್ಷೆಯ ಭಾಷೆಯಲ್ಲಿ ಮಾಡಿಸುವ ಕ್ರಮವನ್ನು ನನ್ನ ತರಗತಿಯಲ್ಲಿ ಇಟ್ಟುಕೊಂಡಿದ್ದೆ. ಮೇಲಿನವರಿಗೆ ಅದು ಇಷ್ಟವಾಗಲಿಲ್ಲ, ಆದರೂ ತಡೆಯಲಿಲ್ಲ.

ಪ್ಲೇಸ್‌ಮೆಂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬರಲಿಲ್ಲ. ಅರವತ್ತು ಮಂದಿಯ ಸಂದರ್ಶನಕ್ಕಾಗಿ ಮೂವರು ಅಧಿಕಾರಿಗಳು ಎರಡು ದಿನ ವ್ಯಯಿಸಿ ಬರುವುದಕ್ಕಿಂತ, ಅದೇ ಎರಡು ದಿನಗಳಲ್ಲಿ ನಗರದ ನಾಲ್ಕು ಕಾಲೇಜುಗಳನ್ನು ಮುಗಿಸುವುದು ಅವರಿಗೆ ಲಾಭ. ನಮ್ಮನ್ನೇ ಬಸ್ಸಿನಲ್ಲಿ ನಗರಕ್ಕೆ ಕರೆದೊಯ್ದು, ಹಲವು ಕಾಲೇಜುಗಳು ಸೇರಿದ ಸಂದರ್ಶನ ಮೇಳಗಳಲ್ಲಿ ನಿಲ್ಲಿಸಿದರು. ಸಿಕ್ಕ ಕೆಲಸಗಳಲ್ಲಿ ಬಹುಪಾಲು ವಿಮೆ, ಚಿಕ್ಕ ಸಾಲ, ಕೃಷಿ ಸಾಮಗ್ರಿಗಳ ಮಾರಾಟದವು. ಇದನ್ನು ಕಾಲೇಜು ಮರೆಮಾಚಿತೆಂದು ನಾನು ಹೇಳುವುದಿಲ್ಲ, ಆದರೆ ಪ್ರಕಟಿಸಿದ್ದು ಸರಾಸರಿ ಸಂಬಳವನ್ನು. ಒಬ್ಬ ವಿದ್ಯಾರ್ಥಿಗೆ ಬಂದ ದೊಡ್ಡ ಸಂಬಳ ಸರಾಸರಿಯನ್ನು ಮೇಲೆತ್ತುತ್ತದೆ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವನ ಸಂಬಳ ಎಷ್ಟೆಂದು ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೂ ನೋವಿನ ಸಂಗತಿಯೊಂದಿದೆ. ಓದು ಮುಗಿಸಿ ಮನೆಯ ಗಿರಣಿಯನ್ನು ವಹಿಸಿಕೊಂಡು ಎರಡು ವರ್ಷಗಳಲ್ಲಿ ಹನ್ನೊಂದು ಮಂದಿಗೆ ಕೆಲಸ ಕೊಟ್ಟ ನನ್ನ ಸಹಪಾಠಿಯೊಬ್ಬ ಕಾಲೇಜಿನ ದಾಖಲೆಯಲ್ಲಿ ಕೆಲಸ ಸಿಗದವರ ಪಟ್ಟಿಯಲ್ಲಿದ್ದಾನೆ. ಆ ಪಟ್ಟಿಯನ್ನು ತಯಾರಿಸಿದವರಿಗೆ ದುರುದ್ದೇಶವಿರಲಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಅವನನ್ನು ಬರೆಯಲು ಬೇರೆ ಅಂಕಣವೇ ಇರಲಿಲ್ಲ.

ಆ ನಮೂನೆ ಎಲ್ಲಿಂದ ಬಂತೆಂಬುದು ಯೋಚಿಸಬೇಕಾದ ವಿಷಯ. 1999ರಿಂದ ಪ್ರಕಟವಾಗುತ್ತಿರುವ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯ ಜಾಗತಿಕ ಎಂಬಿಎ ಶ್ರೇಯಾಂಕದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಬಳಕ್ಕೂ ಅದು ಏರಿದ ಪ್ರಮಾಣಕ್ಕೂ ದೊಡ್ಡ ತೂಕವಿದೆ. ಎಂಬಿಎ ಕೋರ್ಸುಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ನೀಡುವ ಆಂಬಾ ಸಂಸ್ಥೆ, ವಿದ್ಯಾರ್ಥಿಗಳಿಗೆ ಪದವಿಯ ನಂತರ ಕನಿಷ್ಠ ಮೂರು ವರ್ಷಗಳ ಕೆಲಸದ ಅನುಭವ ಇರಬೇಕೆಂದು ಬಯಸುತ್ತದೆ. ಬಿಸಿನೆಸ್ ಸ್ಕೂಲ್‌ಗಳಿಗೆ ನೀಡುವ, 1997ರಲ್ಲಿ ಆರಂಭವಾದ ಈಕ್ವಿಸ್ ಎಂಬ ಮಾನ್ಯತೆಯು ಸಂಸ್ಥೆಯ ಅಂತರರಾಷ್ಟ್ರೀಯ ಸಂಬಂಧಗಳಿಗೆ ಮಹತ್ವ ಕೊಡುತ್ತದೆ. ಪದವಿ ಮುಗಿದೊಡನೆ ಸೇರುವ ರೈತರ ಮಕ್ಕಳಿಗೆ ಪಾಠ ಹೇಳುವ ಕಾಲೇಜು ಈ ಅಳತೆಗೋಲುಗಳ ಮುಂದೆ ನಿಂತರೆ ಕುಳ್ಳಾಗಿಯೇ ಕಾಣುತ್ತದೆ. ಆ ಮಾನದಂಡಗಳನ್ನು ರೂಪಿಸಿದವರು ತಮ್ಮ ಕಣ್ಣ ಮುಂದಿದ್ದ ಕಾಲೇಜುಗಳಿಗಾಗಿ ರೂಪಿಸಿದರು, ಅದರಲ್ಲಿ ಅನ್ಯಾಯವೇನೂ ಇಲ್ಲ. ಬಿಸಿನೆಸ್ ಸ್ಕೂಲ್‌ಗಳಿಗೆ ಮಾನ್ಯತೆ ನೀಡುವ, 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ ಸಂಸ್ಥೆ ತನ್ನ 2020ರ ಮಾನದಂಡಗಳಲ್ಲಿ ಸಮಾಜದ ಮೇಲೆ ಆಗುವ ಪರಿಣಾಮಕ್ಕೂ ಜಾಗ ಕೊಟ್ಟಿದೆ. ಆದರೆ ಗ್ರಾಮಾಂತರದ ಕಾಲೇಜೇ ತನ್ನನ್ನು ಆ ಹಳೆಯ ಗೋಲಿನಿಂದ ಅಳೆದುಕೊಂಡು ನಾಚುತ್ತಿದ್ದರೆ, ಸಂಘದ ಕಚೇರಿಯಲ್ಲಿ ನಡೆದ ಆರು ವಾರಗಳ ಪಾಠವನ್ನು ಪರಿಚಯ ಪತ್ರದಲ್ಲಿ ಯಾರು ಬರೆಯುತ್ತಾರೆ? ನಮ್ಮ ಕಾಲೇಜಿನ ಪರಿಚಯ ಪತ್ರದಲ್ಲಿ ಗಾಜಿನ ಕಟ್ಟಡಗಳ ಚಿತ್ರಗಳಿದ್ದವು. ಅಂಥದ್ದೊಂದು ಕಟ್ಟಡ ಆ ಸುತ್ತಿನಲ್ಲೆಲ್ಲೂ ಇಲ್ಲ.

ದೊಡ್ಡ ನಗರದ ಹೊರಗೆ ಬಿಸಿನೆಸ್ ಸ್ಕೂಲ್ ಬೆಳೆಯಲಾರದು ಎಂಬ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಸ್ನಾತಕೋತ್ತರ ಮಟ್ಟದಲ್ಲಿ ಮ್ಯಾನೇಜ್‌ಮೆಂಟ್ ಕಲಿಸಿದ ಮೊದಲ ಸಂಸ್ಥೆಯೆನಿಸಿದ ಟಕ್ ಸ್ಕೂಲ್ 1900ರಲ್ಲಿ ಆರಂಭವಾದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಚಿಕ್ಕ ಪಟ್ಟಣದಲ್ಲಿ, ಅದು ಇಂದಿಗೂ ಅಲ್ಲಿಯೇ ಇದೆ. ಅದರ ಬೆನ್ನಿಗೆ ಹಳೆಯ ಕಾಲೇಜೂ ಉದಾರ ದಾನಿಗಳೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ನನಗೆ ಹೆಚ್ಚು ಹತ್ತಿರವೆನಿಸುವುದು ಗುಜರಾತಿನ ಆಣಂದ್. ಅಲ್ಲಿ 1946ರಲ್ಲಿ ಹಾಲು ಉತ್ಪಾದಕರ ಸಹಕಾರಿ ಒಕ್ಕೂಟ ಹುಟ್ಟಿತು, 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಬಂತು, 1979ರಲ್ಲಿ ವರ್ಗೀಸ್ ಕುರಿಯನ್ ಅವರ ಮುಂದಾಳತ್ವದಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ ಆರಂಭವಾಯಿತು. ಮೊದಲು ವ್ಯವಹಾರ, ಅದಕ್ಕೆ ಬೇಕಾದ ನಿರ್ವಾಹಕರನ್ನು ತಯಾರಿಸಲು ಆಮೇಲೆ ಶಾಲೆ. ಅಲ್ಲಿನ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಮಾಡುವ ಕ್ಷೇತ್ರಕಾರ್ಯ ಕೋರ್ಸಿನ ಬೆನ್ನೆಲುಬಿನಂತಿದೆ. ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಾಗೊನ್‌ನಲ್ಲಿ 1943ರ ತಾಂತ್ರಿಕ ಶಾಲೆಯಿಂದ 1956ರ ಮೊದಲ ಸಹಕಾರಿ ಕಾರ್ಖಾನೆ ಮೂಡಿತು, 1997ರಲ್ಲಿ ಅದೇ ಪರಂಪರೆ ವಿಶ್ವವಿದ್ಯಾಲಯವಾಯಿತು. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅವರ ಕಥೆಯಂತೂ ಪ್ರಸಿದ್ಧ. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವರು 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಗೆ ನಡೆದುಹೋಗಿ 42 ಮಂದಿಗೆ ಒಟ್ಟು 27 ಡಾಲರ್‌ಗಳಷ್ಟು ಸಾಲ ಕೊಟ್ಟರು; ಅದು ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಆ ಹಳ್ಳಿ ವಿಶ್ವವಿದ್ಯಾಲಯದ ನೆರೆಯಲ್ಲೇ ಇತ್ತು. ನಮ್ಮ ಕಾಲೇಜಿನ ನೆರೆಯಲ್ಲೂ ಹಳ್ಳಿಗಳಿವೆ.

ಈಗ ಶಿಫಾರಸಿನ ಮಾತು. ದೊಡ್ಡ ಕಂಪನಿಯ ಹಣಕಾಸು ವಿಭಾಗವೋ ಸಲಹಾ ಸಂಸ್ಥೆಯೋ ನಿಮ್ಮ ಗುರಿಯಾಗಿದ್ದು, ನಗರದ ಉತ್ತಮ ಕಾಲೇಜೊಂದರಲ್ಲಿ ಸೀಟು ಸಿಗುವ ಸ್ಥಿತಿಯಿದ್ದರೆ ಗ್ರಾಮಾಂತರದ ಕಾಲೇಜನ್ನು ಆರಿಸಿಕೊಳ್ಳಬೇಡಿ. ಅಲ್ಲಿ ನಿಮಗೆ ಬೇಕಾದ ಸಂಪರ್ಕಗಳು ಸಿಗುವುದಿಲ್ಲ. ಮನೆಯ ವ್ಯವಹಾರವನ್ನು ಬೆಳೆಸಬೇಕೆಂದಿರುವವರು, ಸಹಕಾರಿ ಸಂಘ, ಗ್ರಾಮೀಣ ಸಾಲ, ಕೃಷಿ ಉತ್ಪನ್ನಗಳ ಸಾಗಣೆ ಮತ್ತು ಮಾರಾಟದಲ್ಲಿ ದುಡಿಯಬೇಕೆಂದಿರುವವರು, ಊರಿನಿಂದ ದೂರ ಹೋಗಲಾರದವರು ಧೈರ್ಯವಾಗಿ ಸೇರಬಹುದು. ನನ್ನ ಕಾಲೇಜಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆ ಆರು ವಾರಗಳು ಆರು ತಿಂಗಳಾಗಿದ್ದರೆ ನಾಲ್ಕು ಕೊಡುತ್ತಿದ್ದೆ.

ಪ್ರವೇಶದ ದಿನ ಕಟ್ಟಡ ತೋರಿಸಲು ಕರೆದೊಯ್ಯುತ್ತಾರೆ, ನೋಡಿ ಬನ್ನಿ. ಆಮೇಲೆ ಕಚೇರಿಯಲ್ಲಿ ಕುಳಿತು, ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರುವ ಶಿಕ್ಷಕರು ಎಷ್ಟು ಮಂದಿ, ಅವರಲ್ಲಿ ಕ್ಯಾಂಪಸ್‌ನಲ್ಲೇ ವಾಸಿಸುವವರು ಯಾರು ಎಂದು ಕೇಳಿ. ಸರಾಸರಿ ಸಂಬಳ ಹೇಳಿದರೆ ನಡುವಿನ ಸಂಬಳ ಕೇಳಿ. ಕೊನೆಗೆ, ಕಳೆದ ವರ್ಷದ ವಿದ್ಯಾರ್ಥಿಗಳು ಸುತ್ತಲಿನ ಯಾವ ಯಾವ ಸಂಘ, ಗಿರಣಿ, ಅಂಗಡಿಗಳ ಲೆಕ್ಕವನ್ನು ಬಿಡಿಸಿದರು, ಆ ವರದಿಗಳನ್ನು ನೋಡಬಹುದೇ ಎಂದು ಕೇಳಿ. ಗ್ರಂಥಾಲಯದ ಕಪಾಟಿನಿಂದ ವರದಿಯೊಂದನ್ನು ತಂದು ನಿಮ್ಮ ಮುಂದಿಟ್ಟರೆ, ಅದರ ಕೆಲವು ಪುಟಗಳನ್ನು ಅಲ್ಲಿಯೇ ಕುಳಿತು ಓದಿ. ಅಂಕಿಗಳು ಆ ಊರಿನವೇ ಆಗಿದ್ದರೆ ಅರ್ಜಿ ತುಂಬಿ.